ರಾದೆನ್‌ನ ಹೊಟ್ಟೆಯಲ್ಲಿ ಏನಿದೆ?

ಪಾಕ್ ತರ್ಮುಜಿಗೆ ಸಿಟ್ಟು ಬಂದಿದೆ ಎಂದು ನಮ್ಮ ಓಣಿಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಸೂರ್ಯ ಹುಟ್ಟಿದ ಎಂದು ಯಾರಾದರೂ ಸುದ್ದಿ ತರುತ್ತಾರೆಯೇ? ಅವನಿಗೆ ಸಿಟ್ಟು ಬಾರದ ದಿನ ಮಾತ್ರ ಒಬ್ಬರಿಗೊಬ್ಬರು ಕಿವಿಯಲ್ಲಿ ಹೇಳಿಕೊಳ್ಳುತ್ತೇವೆ: "ತರ್ಮುಜಿಗೆ ಮೈ ಹುಷಾರಿಲ್ವಂತೆ."

ಪಾಕ್ ಎಂಬುದು ನಮ್ಮಲ್ಲಿ ಗಂಡಸರ ಹೆಸರಿಗೆ ಮರ್ಯಾದೆಗೆ ಸೇರಿಸುವ ಮಾತು, ಹೆಂಗಸರಿಗೆ ಬು. ಮಗೆಲಾಂಗ್ ಪಟ್ಟಣದ ಮನೆಮನೆಗೂ ಹೋಗಿ ನೀರಿನ ಮೀಟರ್ ಓದುವುದು ಅವನ ಉದ್ಯೋಗ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಅಂಕಿಯನ್ನೂ ತಪ್ಪಾಗಿ ಓದಿಲ್ಲ ಎಂಬುದು ಅವನ ಹೆಮ್ಮೆ. ಈ ಹೆಮ್ಮೆಯನ್ನು ಮೀಟರಿಗಷ್ಟೇ ಇಟ್ಟುಕೊಂಡಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಅವನ ಮನೆಯ ಪಕ್ಕದ ಕೋಣೆಯಲ್ಲಿ ಎರಡು ಗಾಜಿನ ಗೂಡುಗಳಿದ್ದವು. ಅವುಗಳಲ್ಲಿ ನಮ್ಮ ಕಡೆಯ ಹಸಿರು ಕೇರೆ ಜಾತಿಯ ಎರಡು ಹಾವುಗಳಿದ್ದವು. ಎಲೆಹಸಿರು ಮೈ, ಇಟ್ಟಿಗೆ ಬಣ್ಣದ ಬಾಲ, ನೀಲಿ ನಾಲಿಗೆ. ಗಂಡಿನ ಹೆಸರು ರಾದೆನ್, ಅಂದರೆ ರಾಜಕುಮಾರ. ಹೆಣ್ಣಿನ ಹೆಸರು ಅಯು, ಅಂದರೆ ಚೆಲುವೆ. ಐದು ವರ್ಷದಿಂದ ತರ್ಮುಜಿ ಇವೆರಡನ್ನೂ ಆಗಾಗ ಒಂದೇ ಗೂಡಿಗೆ ಬಿಟ್ಟು ಮರಿ ಪಡೆಯಲು ಒದ್ದಾಡುತ್ತಿದ್ದ. ರಾಜಕುಮಾರನಿಗೂ ಚೆಲುವೆಗೂ ಆ ಅವಸರ ಇದ್ದಂತೆ ಕಾಣಲಿಲ್ಲ.

ನಾನು ಎದುರು ಮನೆಯ ದರ್ಜಿ. ಜೊತೆಗೆ ನಮ್ಮ ಓಣಿಯ ಕಾರ್ಯದರ್ಶಿ. ಮೂವತ್ತೆಂಟು ಮನೆಗಳಿಗೆ ಒಬ್ಬ ಮುಖಂಡ, ಅವರನ್ನು ನಾವು ಪಾಕ್ ಆರ್‌ಟಿ ಎನ್ನುತ್ತೇವೆ. ಅವರು ತೀರ್ಪು ಹೇಳುತ್ತಾರೆ, ನಾನು ನಡಾವಳಿ ಬರೆಯುತ್ತೇನೆ. ಹೀಗಾಗಿ ನಾನು ಹೇಳುವುದರಲ್ಲಿ ಉತ್ಪ್ರೇಕ್ಷೆ ಇದ್ದರೆ ಅದು ಸಹಿ, ಮೊಹರು ಬಿದ್ದ ಉತ್ಪ್ರೇಕ್ಷೆ.

ಆಗಸ್ಟ್‌ನಲ್ಲಿ ಸ್ವಾತಂತ್ರ್ಯದ ಹಬ್ಬಕ್ಕೆ ಓಣಿಯವರೆಲ್ಲ ಸೇರಿದ್ದಾಗ ತರ್ಮುಜಿ ಒಂದು ಉಪನ್ಯಾಸ ಕೊಟ್ಟ. ವಿಷಯ: "ಹಾವಿನ ಗಂಡು ಹೆಣ್ಣು ಗುರುತಿಸುವ ಬಗೆ." ನನ್ನದೇ ಅಳತೆ ಪಟ್ಟಿ ಎರವಲು ತಂದು ನಲವತ್ತು ನಿಮಿಷ ಮಾತಾಡಿದ. ಬಾಲ ಉದ್ದ ಇದ್ದರೆ ಗಂಡು, ಗಿಡ್ಡ ಇದ್ದರೆ ಹೆಣ್ಣು. ಅಳೆಯಲು ಬರಬೇಕು, ಓದಲು ಬರಬೇಕು, ಎಲ್ಲರಿಗೂ ಬರುವುದಿಲ್ಲ.

ಹಿಂದಿನ ಸಾಲಿನಿಂದ ಪಕ್ಕದ ಮನೆಯ ಪಾಕ್ ಮುಗಿಯಾರ್ತೊ ಎದ್ದು ನಿಂತ. ಅವನ ಬಳಿ ಹಲಿಲಿಂತಾರ್, ಅಂದರೆ ಸಿಡಿಲು, ಎಂಬ ಮುರಾಯ್ ಹಕ್ಕಿ ಇತ್ತು. ಹಾಡಿನ ಸ್ಪರ್ಧೆಯಲ್ಲಿ ಮೂರು ಕಪ್ ಗೆದ್ದ ಹಕ್ಕಿ.

"ಪಾಕ್, ಐದು ವರ್ಷದಿಂದ ಗಂಡ ಹೆಂಡ್ತಿ ಒಂದೇ ಮನೇಲಿದ್ದಾರೆ. ಮೊಟ್ಟೆ ಯಾಕಿಲ್ಲ?"

ಜನ ನಕ್ಕರು. ತರ್ಮುಜಿಯ ಕಿವಿ ಕೆಂಪಾಯಿತು. "ನಿಮ್ಮ ಹಕ್ಕಿ ಎಷ್ಟು ಮೊಟ್ಟೆ ಇಟ್ಟಿದೆ?"

"ಅದು ಗಂಡು ಕಣ್ರೀ!"

"ಒಂಟಿ ಗಂಡು! ಹಗಲಿಡೀ ಕಿರುಚದೆ ಇನ್ನೇನು ಮಾಡುತ್ತೆ?"

ಅಂದಿನಿಂದ ಎರಡು ಮನೆಗಳಿಗೆ ಮಾತು ನಿಂತಿತು. ಹೆಂಗಸರು ಮಾತ್ರ ಗೋಡೆಯ ಮೇಲಿಂದ ಸೋಯಾಕಾಳಿನ ಟೆಂಪೆ, ಸಾರು ಕೊಟ್ಟು ತೆಗೆದುಕೊಂಡು ಮಾಡುತ್ತಲೇ ಇದ್ದರು. ಗಂಡಸರ ಯುದ್ಧದಿಂದ ಅಡುಗೆ ನಿಲ್ಲಬಾರದಲ್ಲ.

ಅಕ್ಟೋಬರ್‌ನ ಒಂದು ಬೆಳಗ್ಗೆ, ಇನ್ನೂ ಕಾಫಿ ಕುಡಿದಿರಲಿಲ್ಲ, ಮುಗಿಯಾರ್ತೊ ಮನೆಯಿಂದ ಒಂದು ಕೂಗು ಎದ್ದಿತು. ಮನೆಗೆ ಬೆಂಕಿ ಬಿತ್ತೇನೋ ಎಂದು ಮೂವರು ಬಕೆಟ್ ಹಿಡಿದೇ ಓಡಿದರು. ಹಲಿಲಿಂತಾರ್‌ನ ಪಂಜರದ ಬಾಗಿಲು ತೆರೆದಿತ್ತು. ಒಳಗೆ ಒಂದು ಪುಕ್ಕ, ಅರ್ಧ ತಿಂದ ಮಿಡತೆ. ಹಕ್ಕಿ ಇಲ್ಲ.

ಮುಗಿಯಾರ್ತೊ ಪುಕ್ಕವನ್ನು ಎತ್ತಿ ಹಿಡಿದು ಓಣಿಯ ನಡುವೆ ನಿಂತ. ಲುಂಗಿ ಜಾರುತ್ತಿತ್ತು, ಅದರ ಕಡೆ ಅವನಿಗೆ ಗಮನವಿಲ್ಲ. "ಹಾವಿನವನೇ! ಹೊರಗೆ ಬಾ!"

ತರ್ಮುಜಿ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ. ನೊರೆಯ ಸಮೇತ ಬೈದ. ಏನು ಬೈದನೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಅರ್ಥವಾಯಿತು. ಗೂಡಿಗೆ ಬೀಗ ಇದೆ, ಬೇಕಾದರೆ ಬಂದು ನೋಡಿ ಎಂದ. ನಾವು ನೋಡಿದೆವು. ಹದಿನಾಲ್ಕು ಜನ ಒಂದು ಚಾಪೆ ಹಾಸುವಷ್ಟು ಕೋಣೆಗೆ ನುಗ್ಗಿ ನೋಡಿದೆವು.

ಅಯು ಕೊಂಬೆಗೆ ಸುತ್ತಿಕೊಂಡು ತೆಳ್ಳಗೆ, ಚೆಂದವಾಗಿ ಮಲಗಿತ್ತು. ರಾದೆನ್ ಮಾತ್ರ ಗೂಡಿನ ತಳದಲ್ಲಿ ಬಿದ್ದಿತ್ತು. ಮೈಯ ಹಿಂದಿನ ಅರ್ಧ ಉಬ್ಬಿಕೊಂಡು ಸೋರೆಕಾಯಿಯಂತಾಗಿತ್ತು.

"ನನ್ನ ಹಲಿಲಿಂತಾರ್!" ಎಂದು ಮುಗಿಯಾರ್ತೊ ಗಾಜಿಗೆ ಹಣೆ ಹಚ್ಚಿದ.

ಆಗ ತರಕಾರಿ ಮಾರುವ ಮುದುಕಿ ಯು ಸಿನೆಮ್ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡೇ ಜನರ ನಡುವೆ ತೂರಿಬಂದಳು. ಎಂಟು ಹೆತ್ತವಳು. ಒಂದು ಸಲ ನೋಡಿ ಅಂದಳು: "ಅಯ್ಯೋ, ಇದು ಬಸುರಿ ಕಣ್ರಪ್ಪ."

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ತರ್ಮುಜಿ ತಲೆಯಾಡಿಸಿ "ಹೌದು" ಎಂದಿದ್ದರೆ ನಾವು ಕಾಫಿ ಕುಡಿಯಲು ಹೋಗುತ್ತಿದ್ದೆವು. ಆದರೆ ಆಗಸ್ಟ್ ತಿಂಗಳ ನಲವತ್ತು ನಿಮಿಷ ಅವನ ಗಂಟಲಿಗೆ ಅಡ್ಡ ಬಂತು.

"ಏನಂದ್ರಿ? ಬಸುರೀನಾ? ರಾದೆನ್ ಗಂಡು! ನಾನೇ ಅಳೆದಿದ್ದೀನಿ! ಕಣ್ಣು ಕಾಣದ ಮುದುಕಿ ಬಂದು ನನಗೆ ಹಾವು ಓದೋದು ಹೇಳಿಕೊಡ್ತೀಯಾ?"

"ನಂಗೆ ಕಣ್ಣು ಕಾಣದಿದ್ರೂ ಹೊಟ್ಟೆ ಕಾಣುತ್ತೆ ಮಗಾ," ಎಂದಳು ಮುದುಕಿ.

ಮುಗಿಯಾರ್ತೊ ತಿರುಗಿದ. ಅವನ ಮುಖದಲ್ಲಿ ದುಃಖದ ಜೊತೆ ಒಂದು ಖುಷಿಯೂ ಮೂಡಿತ್ತು. "ಎಲ್ರೂ ಕೇಳಿದ್ರಾ? ಗಂಡಂತೆ! ಅವನ ಬಾಯಿಂದಾನೇ ಬಂತು. ಗಂಡಿನ ಹೊಟ್ಟೇಲಿ ಮೊಟ್ಟೆ ಇರಲ್ಲ. ಹಾಗಾದ್ರೆ ಅಲ್ಲಿರೋದು ಏನು? ನನ್ನ ಹಕ್ಕಿ!"

ತರ್ಮುಜಿ ಗಾಜು ತಟ್ಟಿ, "ಮಲಬದ್ಧತೆ!" ಎಂದು ಗರ್ಜಿಸಿದ.

ಸಂಜೆ ಪಾಕ್ ಆರ್‌ಟಿಯವರ ಜಗಲಿಯಲ್ಲಿ ಸಭೆ. ಅಷ್ಟು ಜನ ಚುನಾವಣೆಗೂ ಬಂದವರಲ್ಲ. ಕೂಡಲೇ ಹಾವಿನ ಹೊಟ್ಟೆ ಕೊಯ್ಯಬೇಕು, ಹಕ್ಕಿಗೆ ಮರ್ಯಾದೆಯಿಂದ ಮಣ್ಣು ಮಾಡಬೇಕು ಎಂದು ಮುಗಿಯಾರ್ತೊ ಪಟ್ಟು ಹಿಡಿದ. ಕೊಯ್ಯುವುದಾದರೆ ಮೊದಲು ಮುಗಿಯಾರ್ತೊನನ್ನು ಕೊಯ್ಯಿರಿ, ಆಗಸ್ಟ್‌ನಿಂದ ಅವನ ಹೊಟ್ಟೆಯಲ್ಲಿರುವ ಹೊಟ್ಟೆಕಿಚ್ಚು ಹೊರಗೆ ಬರಲಿ ಎಂದು ತರ್ಮುಜಿ ಕೂಗಿದ. ಹೊಟ್ಟೆಗಳ ಬಗ್ಗೆ ಇಷ್ಟೊಂದು ಚರ್ಚೆ ನಮ್ಮ ನಡಾವಳಿಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಪಾಕ್ ಆರ್‌ಟಿ ನಿವೃತ್ತ ರೈಲ್ವೆ ಗಾರ್ಡ್. ಯಾವ ಗಾಡಿಯನ್ನೂ ಅವಸರದಲ್ಲಿ ಬಿಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು ಅವರಿಗಾಗಿಯೇ ಹುಟ್ಟಿದ್ದು. ಅಂದು ಮಾತ್ರ ಹಾವು ನಿಜವಾಗಿಯೂ ಇತ್ತು, ಕೋಲು ಮುಗಿಯಾರ್ತೊ ಕೈಯಲ್ಲಿತ್ತು.

"ನೋಡಿ," ಅಂದರು ಅವರು, "ತಿಂದದ್ದು ಹೊರಗೆ ಬರಲೇಬೇಕು. ಇದು ದೇವರು ಮಾಡಿದ ನಿಯಮ. ಗೂಡಿನ ಬೀಗದ ಕೈ ನನ್ನ ಹತ್ರ ಇರಲಿ. ದಿನಾ ಹಗಲು ಒಬ್ಬೊಬ್ಬ ಸಾಕ್ಷಿ ಕೂತ್ಕೊಳ್ಳಿ. ಪುಕ್ಕ ಬಂದ್ರೆ ತರ್ಮುಜಿ ಎರಡು ಹಾವನ್ನೂ ಬಿಟ್ಟುಕೊಡಬೇಕು. ಮುಂದಿನ ಶನಿವಾರದ ತನಕ ಏನೂ ಬರದಿದ್ರೆ ಪಟ್ಟಣ ಕಚೇರಿಯವರನ್ನ ಕರೆಸ್ತೀನಿ. ಅವರು ತಗೊಂಡು ಹೋಗಿ ಕೊಯ್ದು ನೋಡ್ಲಿ."

"ರಾದೆನ್ ಗಂಡು ಅಂತ ನಡಾವಳೀಲಿ ಬರೀರಿ!" ತರ್ಮುಜಿ ನನ್ನ ಪುಸ್ತಕಕ್ಕೆ ಬೆರಳು ಕುಟ್ಟಿದ. "ಅದು ಹೆಣ್ಣಾದ್ರೆ ನಾನು ತರ್ಮುಜಿನೇ ಅಲ್ಲ ಅಂತಲೂ ಬರೀರಿ!"

ಬರೆದೆ. ಕೆಳಗೆ ಸಹಿಯನ್ನೂ ಹಾಕಿದ, ಕಾಗದ ಹರಿಯುವಷ್ಟು ಒತ್ತಿ.

ಮರುದಿನದಿಂದ ನಮ್ಮ ಓಣಿಯ ಗೌರವಸ್ಥರೆಲ್ಲ ಸರದಿಯ ಮೇಲೆ ಒಂದು ಹಾವಿನ ಹಿಂಭಾಗವನ್ನು ನೋಡುತ್ತ ಕುಳಿತರು. ಬು ಲಾಸ್ಮಿನಿ, ಅಂದರೆ ತರ್ಮುಜಿಯ ಹೆಂಡತಿ, ಎಲ್ಲರಿಗೂ ಚಹಾ ಮಾಡಿ ಮಾಡಿ ಸುಸ್ತಾದಳು. ಮೊದಲ ದಿನ ಏನೂ ಬರಲಿಲ್ಲ. ಎರಡನೆಯ ದಿನ ಹಾವು ಪೊರೆ ಬಿಟ್ಟಿತು. ಸಾಕ್ಷಿಗೆ ಕುಳಿತಿದ್ದ ಬೇಕರಿಯವನು "ಬಂತು, ಬಂತು!" ಎಂದು ಓಣಿಯನ್ನೆಲ್ಲ ಎಬ್ಬಿಸಿದ. ನಾಲ್ಕನೆಯ ದಿನ ಇಲಿ ಕೊಟ್ಟರೆ ಮೂಸಿಯೂ ನೋಡಲಿಲ್ಲ. ಐದನೆಯ ದಿನ ಉಬ್ಬು ಇಳಿಯುವ ಬದಲು ಇನ್ನೂ ದೊಡ್ಡದಾಯಿತು.

"ಇದು ಹೇಗೆ ಸಾಧ್ಯ?" ಎಂದರು ಪಾಕ್ ಆರ್‌ಟಿ.

"ನಾನು ಸಾಕಿದ ಹಕ್ಕಿ," ಎಂದ ಮುಗಿಯಾರ್ತೊ ಎದೆಯುಬ್ಬಿಸಿ, "ಸುಲಭಕ್ಕೆ ಕರಗೋದಲ್ಲ."

ಐದನೆಯ ದಿನ ಮಧ್ಯಾಹ್ನ ಸಾಕ್ಷಿಯ ಸರದಿ ನನ್ನದು. ಬೀಗದ ಕೈ ಸಹ ನನಗೆ ಕೊಟ್ಟು ಪಾಕ್ ಆರ್‌ಟಿ ಮಸೀದಿಗೆ ಹೋಗಿದ್ದರು. ಆಗ ತರ್ಮುಜಿ ಒಬ್ಬ ಹುಡುಗಿಯನ್ನು ಹಿತ್ತಲ ಬಾಗಿಲಿನಿಂದ ಕರೆತಂದ. ಅವಳ ತಲೆಗೆ ಅವನದೇ ನೀರಿನ ಇಲಾಖೆಯ ಟೋಪಿ.

"ಇವರು ಮೀಟರ್ ಪರೀಕ್ಷಕಿ," ಎಂದ ನನ್ನ ಕಣ್ಣು ತಪ್ಪಿಸಿ.

"ನಾನು ಪಶುವೈದ್ಯೆ, ಪಾಕ್. ವೆನಿ ಅಂತ," ಎಂದಳು ಆಕೆ ನನಗೆ ಕೈಮುಗಿದು. "ಟೋಪಿ ಇವರೇ ಹಾಕಿದ್ದು."

ನಾನು ಬೀಗ ತೆಗೆದೆ. ಡಾಕ್ಟರ್ ವೆನಿ ರಾದೆನ್‌ನನ್ನು ಮೆಲ್ಲಗೆ ಎತ್ತಿ, ಹೊಟ್ಟೆಯ ಕೆಳಗೆ ಬೆರಳು ಸರಿಸುತ್ತ ಹೋದಳು. "ಒಂದು. ಎರಡು. ಮೂರು..." ಆರಕ್ಕೆ ನಿಲ್ಲಿಸಿದಳು. "ಶುಭಾಶಯ, ಪಾಕ್. ಒಂದೆರಡು ದಿನದಲ್ಲೇ ಇಡ್ತಾಳೆ."

"ಇಡ್ತಾನೆ!" ಎಂದ ತರ್ಮುಜಿ.

ಆಕೆ ಮಾತಾಡದೆ ಎರಡನೆಯ ಗೂಡಿನ ಅಯುವನ್ನು ನೋಡಿದಳು. ಬಾಲದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ತುದಿ ಮೊಂಡಾಗಿತ್ತು. ಯಾವುದೋ ಕಾಲದಲ್ಲಿ ಮುರಿದು ಹೋಗಿ ಗಾಯ ಮಾಯ್ದಿತ್ತು. "ಇದು ಗಂಡು. ಬಾಲ ತುಂಡಾಗಿದೆ, ಅದಕ್ಕೇ ಗಿಡ್ಡ. ನೀವು ಅಳೆದದ್ದು ಸರಿಯಾಗೇ ಇದೆ. ಅಳೆಯೋಕೆ ಪೂರ್ತಿ ಬಾಲ ಇರಲಿಲ್ಲ, ಅಷ್ಟೆ."

ತರ್ಮುಜಿ ಡಾಕ್ಟರಿಗೆ ಬೈದ, ಡಾಕ್ಟರ್ ಓದಿದ ಕಾಲೇಜಿಗೆ ಬೈದ, ಹಾವು ಮಾರಿದವನಿಗೆ ಬೈದ, ಬಾಲಕ್ಕೆ ಬೈದ. ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದ: "ಹಾಗಾದ್ರೆ ಐದು ವರ್ಷ ಯಾಕೆ ಮೊಟ್ಟೆ ಇಡಲಿಲ್ಲ? ಈ ವರ್ಷಾನೇ ಯಾಕೆ?"

"ಹೆಣ್ಣಿಗೆ ಮೈಯಲ್ಲಿ ಶಕ್ತಿ ಬೇಕು ಪಾಕ್. ಇದಕ್ಕೆ ಎಷ್ಟು ದಿನಕ್ಕೊಮ್ಮೆ ತಿನ್ನೋಕೆ ಕೊಡ್ತಿದ್ರಿ?"

"ತಿಂಗಳಿಗೊಂದು ಇಲಿ. ಗಂಡು ಕೊಬ್ಬಿದರೆ ಸೋಮಾರಿಯಾಗುತ್ತೆ. ಅಯುಗೆ ವಾರಕ್ಕೊಂದು, ಬಾಣಂತಿಯಾಗೋಳು ಅಂತ."

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಲಾಸ್ಮಿನಿ ತಟ್ಟೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. "ರಾದೆನ್‌ಗೂ ನಾನು ಹಾಕ್ತಿದ್ದೆ. ವಾರಕ್ಕೊಂದು, ಈ ವರ್ಷವಿಡೀ. ನೀವು ಮೀಟರ್ ಓದೋಕೆ ಹೋದ ಮೇಲೆ."

"ನನ್ನನ್ನ ಕೇಳದೆ?"

"ಕೇಳಿದ್ರೆ ಅಳೆಯೋಕೆ ಬರ್ತಿದ್ರಿ. ಹಸಿದವರ ಮುಖ ನೋಡೋಕೆ ಪಟ್ಟಿ ಬೇಕಾ? ಈ ಮನೇಲಿ ಗಂಡು ಯಾರು ಹೆಣ್ಣು ಯಾರು ಅಂತ ನಂಗೆ ಗೊತ್ತಿಲ್ಲ. ಯಾರ ಹೊಟ್ಟೆ ಖಾಲಿ ಇದೆ ಅಂತ ಗೊತ್ತಿದೆ."

ಲಾಸ್ಮಿನಿ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತರ್ಮುಜಿ ನನ್ನ ಕಡೆ ತಿರುಗಿದ. ಅವನ ಸಿಟ್ಟು ಕೂರಲು ಜಾಗ ಹುಡುಕುತ್ತಿತ್ತು. "ನೀವು ಇದನ್ನ ಬರೀಬೇಡಿ."

ಕಾರ್ಯದರ್ಶಿಯಾದವನು ಆಗಾಗ ಕಿವುಡನಾಗಬೇಕಾಗುತ್ತದೆ. ಪೆನ್ನಿನ ಟೋಪಿ ಹಾಕಿದೆ. ಆದರೆ ಹೇಳಿದೆ: "ಶನಿವಾರ ಅವರು ಕೊಯ್ತಾರೆ, ಪಾಕ್."

ಶನಿವಾರದೊಳಗೆ ರಾದೆನ್ ಮೊಟ್ಟೆ ಇಟ್ಟುಬಿಡಲಿ, ತನ್ನ ಬಾಯಿಂದ ಹೇಳುವುದು ತಪ್ಪಲಿ ಎಂದು ತರ್ಮುಜಿ ಕಾದ. ಗೂಡಿನ ಮುಂದೆ ಕುಳಿತು, "ಇಡು, ಇಡು" ಎಂದು ಹಲ್ಲು ಕಡಿಯುತ್ತ ಬೇಡಿಕೊಂಡ. ಹಾವಿಗೆ ಕಿವಿ ಇಲ್ಲ ಎಂಬುದನ್ನೂ ಅವನೇ ಆಗಸ್ಟ್‌ನಲ್ಲಿ ನಮಗೆ ಹೇಳಿದ್ದ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಕಚೇರಿಯ ಅಧಿಕಾರಿ ಮೋಟಾರು ಸೈಕಲ್ಲಿನಲ್ಲಿ ಬಂದ. ಒಂದು ಗೋಣಿಚೀಲ, ಒಂದು ಕಡತ. ಮರ ಕಡಿಯುವುದು, ಬೀದಿನಾಯಿ ಹಿಡಿಯುವುದು ಅವನ ವಿಭಾಗ. ಹಾವನ್ನು ಕಂಡರೆ ಅವನಿಗೆ ಪ್ರಾಣಭಯ ಎಂಬುದು ಅವನು ಕೋಣೆಯ ಹೊಸ್ತಿಲಲ್ಲೇ ನಿಂತು ಒಳಗೆ ಕತ್ತು ಮಾತ್ರ ಚಾಚಿದ್ದರಿಂದ ಗೊತ್ತಾಯಿತು. ಓಣಿಗೆ ಓಣಿಯೇ ಹೊರಗೆ ಸೇರಿತ್ತು. ಮುಗಿಯಾರ್ತೊ ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟಿದ್ದ, ಮದುವೆಗೆ ಬಂದವನ ಹಾಗೆ.

"ಮೊದಲು ನಮೂನೆ ತುಂಬಬೇಕು," ಎಂದ ಅಧಿಕಾರಿ, ಆದಷ್ಟು ತಡ ಮಾಡುವ ಉದ್ದೇಶದಿಂದ. "ಮಾಲೀಕರ ಹೆಸರು?"

"ತರ್ಮುಜಿ."

"ಪ್ರಾಣಿ?"

"ಕೇರೆ."

"ಗಂಡೋ, ಹೆಣ್ಣೋ?"

ಯು ಸಿನೆಮ್ ವೀಳ್ಯ ಅಗಿಯುವುದನ್ನು ನಿಲ್ಲಿಸಿದಳು. ತರ್ಮುಜಿ ಚೀಲವನ್ನು ನೋಡಿದ, ಗೂಡನ್ನು ನೋಡಿದ, ನಮ್ಮೆಲ್ಲರ ಮುಖಗಳನ್ನು ನೋಡಿದ. ಆಗಸ್ಟ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ ಮುಖಗಳು ಅವು. ಅವನ ಕುತ್ತಿಗೆಯ ನರ ಹಗ್ಗದಂತೆ ಎದ್ದಿತು.

"ಹೇಳ್ರೀ," ಎಂದ ಅಧಿಕಾರಿ.

"ಹೆಣ್ಣು!" ಎಂದು ಕಿರುಚಿದ ತರ್ಮುಜಿ. "ಹೆಣ್ಣು! ಸಾಕಾ? ರಾದೆನ್ ಹೆಣ್ಣು! ಬಸುರಿ! ಆರು ಮೊಟ್ಟೆ! ನಾನು ತಪ್ಪಾಗಿ ಓದಿದೆ! ಐದು ವರ್ಷ ತಪ್ಪಾಗಿ ಓದಿದೆ! ನಾನು ತರ್ಮುಜಿನೇ ಅಲ್ಲ, ಯಾರು ಬೇಕಾದ್ರೂ ಆ ಹೆಸರು ತಗೊಳ್ಳಿ! ಈಗ ನಗ್ರಿ! ಎಲ್ರೂ ನಗ್ರಿ!"

ಯಾರೂ ನಗಲಿಲ್ಲ. ಅದು ಅವನಿಗೆ ಇನ್ನೂ ಸಿಟ್ಟು ತರಿಸಿತು.

ಮುಗಿಯಾರ್ತೊ ಮುಂದೆ ಬಂದ. "ಓಹೋ! ಹೋದ ವಾರ ಗಂಡು, ಈ ವಾರ ಹೆಣ್ಣು! ಬರೋ ವಾರ ಮೊಸಳೆ ಅಂತೀಯಾ? ನಡಾವಳೀಲಿ ಸಹಿ ಇದೆ. ಸುಳ್ಳುಗಾರ! ಎಲ್ಲಿ, ಕೊಡ್ರೀ ಆ ಚೀಲ, ನಾನೇ ಕೊಯ್ತೀನಿ!" ಅಧಿಕಾರಿ ಬಹಳ ಸಂತೋಷದಿಂದ ಚೀಲ ಕೊಟ್ಟುಬಿಟ್ಟ. ಮುಗಿಯಾರ್ತೊ ಒಳಗೆ ನುಗ್ಗಿ, ಅಧಿಕಾರಿಗೆಂದು ಬೀಗ ತೆಗೆದಿದ್ದ ಗೂಡಿಗೆ ಕೈ ಹಾಕಿದ, ತರ್ಮುಜಿ ಅವನ ಬಾತಿಕ್ ಅಂಗಿಗೆ ಕೈ ಹಾಕಿದ, ಪಾಕ್ ಆರ್‌ಟಿ ಹಳೆಯ ಅಭ್ಯಾಸದಿಂದ ಸೀಟಿ ಊದಿದರು. ಅಂಗಿ ಹರಿಯಿತು. ದರ್ಜಿಯಾಗಿ ನನಗೆ ಆ ಸದ್ದು ಚೆನ್ನಾಗಿ ಗೊತ್ತು.

"ಕೈ ತೆಗೀರಿ ಅದರ ಮೇಲಿಂದ."

ಗದ್ದಲದ ನಡುವೆಯೂ ಅದು ಕೇಳಿಸಿತು. ಬು ರುಮಿಯಾತಿ, ಮುಗಿಯಾರ್ತೊನ ಹೆಂಡತಿ. ಅಡುಗೆಮನೆಯಿಂದ ಹಾಗೇ ಬಂದಿದ್ದಳು, ಕೈಯಲ್ಲಿ ಮೆಣಸಿನ ಚಟ್ನಿ ಅರೆಯುವ ಕಲ್ಲು.

"ನೀನು ಒಳಗೆ ಹೋಗು," ಎಂದ ಮುಗಿಯಾರ್ತೊ.

"ಹಕ್ಕಿ ಅದರ ಹೊಟ್ಟೇಲಿಲ್ಲ. ಬಾಗಿಲು ತೆಗೆದದ್ದು ನಾನು. ನಾನೇ ಹಾರಿಸಿಬಿಟ್ಟೆ."

ಪಾಕ್ ಆರ್‌ಟಿಯವರ ಬಾಯಿಂದ ಸೀಟಿ ಬಿತ್ತು.

"ಮದುವೆಯಾಗಿ ಮೂವತ್ತೊಂದು ವರ್ಷ," ಎಂದಳು ರುಮಿಯಾತಿ. ಅವಳು ಕೂಗಲಿಲ್ಲ. ಕೂಗಿದ್ದರೆ ನಮಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. "ಆ ಹಕ್ಕಿಗೆ ಬೆಳಗ್ಗೆ ಸ್ನಾನ. ಅದರ ಗಂಟಲಿಗೆ ಮಿಡತೆಯ ಕಾಲು ಚುಚ್ಚುತ್ತೆ ಅಂತ ಒಂದೊಂದೇ ಕಾಲು ಕಿತ್ತು ತಿನ್ನಿಸ್ತೀರಿ. ಅದು ಒಂದು ದಿನ ಹಾಡದಿದ್ರೆ ಹಣೆ ಮುಟ್ಟಿ ನೋಡ್ತೀರಿ. ಹೋದ ತಿಂಗಳು ನಾನು ನಾಲ್ಕು ದಿನ ಜ್ವರದಲ್ಲಿ ಮಲಗಿದ್ದೆ. ಏನು ಕೇಳಿದ್ರಿ ನನ್ನ? 'ಕೆಮ್ಮಬೇಡ, ಹಕ್ಕಿ ಬೆಚ್ಚುತ್ತೆ' ಅಂದ್ರಿ."

ಹೆಂಗಸರ ಗುಂಪಿನಿಂದ ಕಾದ ಎಣ್ಣೆಗೆ ನೀರು ಬಿದ್ದಂಥ ಸದ್ದೊಂದು ಬಂತು.

"ಒಂದು ವಾರ ಸುಮ್ನಿದ್ದೆ. ಹಾವಿನ ತಲೆ ಮೇಲೆ ಬಂದ್ರೆ ಬರಲಿ, ನಂಗೇನು ಅಂದುಕೊಂಡೆ. ತಪ್ಪು ನಂದೇ. ಆದ್ರೆ ಹೊಟ್ಟೇಲಿ ಆರು ಇಟ್ಟುಕೊಂಡಿರೋಳನ್ನ ನನ್ನ ಕಣ್ಣೆದುರಿಗೆ ಕೊಯ್ಯೋಕೆ ಬಿಡಲ್ಲ." ಕಲ್ಲನ್ನು ಗಂಡನ ಕೈಗೆ ಕೊಟ್ಟಳು. "ಚಟ್ನಿ ಅರ್ಧ ಆಗಿದೆ. ಮಿಕ್ಕಿದ್ದು ನೀವೇ ಅರ್ಕೊಳ್ಳಿ. ನಾನು ತೆಮಾಂಗುಂಗ್‌ಗೆ ಅಕ್ಕನ ಮನೆಗೆ ಹೋಗ್ತೀನಿ."

ಹೋದಳು. ಅಧಿಕಾರಿ ಕಡತ ಮುಚ್ಚಿ, "ನಮೂನೆಯಲ್ಲಿ ಇದಕ್ಕೆ ಜಾಗ ಇಲ್ಲ," ಎಂದು ಹೇಳಿ ಅವಳಿಗಿಂತ ಮೊದಲೇ ಓಣಿ ದಾಟಿದ. ಮುಗಿಯಾರ್ತೊ ಹರಿದ ಅಂಗಿಯಲ್ಲಿ, ಅರೆಯುವ ಕಲ್ಲು ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದ. ಏನು ಬರೆಯಲಿ ಎಂದು ಪಾಕ್ ಆರ್‌ಟಿಯವರನ್ನು ಕೇಳಿದೆ. "ಸಭೆ ಮುಗಿಯಿತು ಅಂತ ಬರಿ," ಎಂದರು.

ಸೋಮವಾರ ಬೆಳಗ್ಗೆ ರಾದೆನ್ ಆರು ಮೊಟ್ಟೆ ಇಟ್ಟಳು. ಬೆರಳುದ್ದದ, ಬಿಳಿಯ, ಚರ್ಮದಂಥ ಮೊಟ್ಟೆಗಳು. ಡಾಕ್ಟರ್ ವೆನಿ ಹೇಳಿಕೊಟ್ಟಂತೆ ತರ್ಮುಜಿ ಅವನ್ನು ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ, ಮುಚ್ಚಳವಿದ್ದ ಡಬ್ಬಿಯಲ್ಲಿಟ್ಟ. ಈ ಸಲ ಆಕೆಗೆ ಟೋಪಿ ಹಾಕಿಸಲಿಲ್ಲ. ಹೆಸರು ಬದಲಿಸಬೇಕೆಂದು ಕೆಲವರು ಸಲಹೆ ಕೊಟ್ಟರು. ಅವರಿಗೆಲ್ಲ ಬೈಗುಳ ಬಿತ್ತು. ಹೆಣ್ಣಾದರೂ ರಾದೆನ್ ರಾದೆನ್ನಾಗಿಯೇ ಉಳಿದಳು, ವಾರಕ್ಕೆರಡು ಇಲಿ ತಿಂದಳು.

ಮುಗಿಯಾರ್ತೊ ಎರಡು ಸಲ ತೆಮಾಂಗುಂಗ್‌ಗೆ ಹೋಗಿ ಒಬ್ಬನೇ ವಾಪಸು ಬಂದ. ಮೊದಲ ಸಲ ಅಲ್ಲಿಯೂ ಜಗಳವಾಡಿದನಂತೆ, ಎರಡನೆಯ ಸಲ ಹಕ್ಕಿಯ ವಿಷಯವನ್ನೇ ಮಾತಾಡಿದನಂತೆ. ಮೂರನೆಯ ಸಲ ಹೋಗುವ ಮುಂಚೆ ನನ್ನ ಅಂಗಡಿಗೆ ಬಂದು ಹರಿದ ಅಂಗಿ ಕೊಟ್ಟು, "ಪಾಕ್, ಹೆಂಡ್ತಿ ಹತ್ರ ಏನು ಮಾತಾಡ್ಬೇಕು?" ಎಂದು ಸಿಟ್ಟಿನಿಂದಲೇ ಕೇಳಿದ. ಮೈ ಹುಷಾರಾಗಿದೆಯಾ ಅಂತ ಕೇಳಿ, ಎಂದೆ. ಅಷ್ಟೇನಾ, ಎಂದ. ಅಷ್ಟೇ, ಎಂದೆ. ಅವಳು ಬಂದಳು. ಅವನ ಮೇಲಿನ ಸಿಟ್ಟನ್ನು ಅಲ್ಲೇನೂ ಬಿಟ್ಟು ಬಂದಿರಲಿಲ್ಲ, ಆದರೆ ಬಂದಳು.

ಮೊಟ್ಟೆ ಇಟ್ಟ ನೂರೆಂಟನೆಯ ದಿನ ಮಧ್ಯಾಹ್ನ ಲಾಸ್ಮಿನಿ ನನ್ನ ಕಿಟಕಿ ಬಡಿದಳು. ಓಡಿದೆ. ರುಮಿಯಾತಿ ಆಗಲೇ ಅಲ್ಲಿದ್ದಳು. ಡಬ್ಬಿಯಲ್ಲಿ ಒಂದು ಮೊಟ್ಟೆ ಸೀಳಿತ್ತು. ಸೀಳಿನಿಂದ ಒಂದು ತಲೆ, ಹುಣಸೆಬೀಜದಷ್ಟು, ಹೊರಗೆ ಇಣುಕಿತ್ತು. ಇನ್ನೂ ಹಸಿರು ಬಂದಿರಲಿಲ್ಲ, ಒಣಗಿದ ಎಲೆಯ ಬಣ್ಣ. ಅದು ಮೆಲ್ಲಗೆ ಜಾರಿ ಹೊರಬಂದು, ಮೈ ಅಂಕುಡೊಂಕು ಮಾಡಿಕೊಂಡು ಜಗತ್ತನ್ನು ನೋಡಿತು. ನೋಡಿದ್ದು ಅದಕ್ಕೆ ಹಿಡಿಸಿದಂತೆ ಕಾಣಲಿಲ್ಲ.

ತರ್ಮುಜಿ ಕೈ ಚಾಚಿದ. ಮರಿ ಗಂಟಲು ಉಬ್ಬಿಸಿ, ಬಾಲ ಅದುರಿಸಿ, ಅವನ ಕಿರುಬೆರಳಿಗೆ ಕಚ್ಚಿ ಜೋತುಬಿದ್ದಿತು.

ನಾವು ಮೂವರೂ ಒಂದು ಹೆಜ್ಜೆ ಹಿಂದೆ ಸರಿದೆವು. ಮರಿಗೆ ಹೆದರಿ ಅಲ್ಲ, ಈಗ ಬರಲಿರುವ ಗರ್ಜನೆಗೆ. ಅವನ ಮುಖ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು, ಬಾಯಿ ತೆರೆಯಿತು. ಬೆರಳಿನಿಂದ ರಕ್ತದ ಒಂದು ಹನಿ, ಸಾಸಿವೆಯಷ್ಟು.

"ರೀ, ಬಿಡಿಸ್ಕೊಳ್ಳಿ," ಎಂದಳು ಲಾಸ್ಮಿನಿ.

"ಶ್," ಎಂದ ತರ್ಮುಜಿ. ಅಷ್ಟು ಸಣ್ಣ ದನಿ ಅವನಲ್ಲಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ಎಳೆದ್ರೆ ಅದರ ಹಲ್ಲಿಗೆ ನೋವಾಗುತ್ತೆ. ಪಾಪ, ತುಂಬ ಸಿಟ್ಟು ಬಂದಿದೆ. ಇಳೀಲಿ ಬಿಡು."

ಕೈಯನ್ನು ಹಾಗೇ ಚಾಚಿಕೊಂಡು, ಅಲುಗದೆ, ಅವನು ಕಾಯುತ್ತ ನಿಂತ.